ತದಾಯಿಮಾ

ಜಪಾನಿನಲ್ಲಿ ಬೇರೆಯವರ ಮನೆಯೊಳಗೆ ಕಾಲಿಡುವಾಗ ‘ಒಜಮಾ ಶಿಮಾಸು’ ಅನ್ನುವುದು ರೂಢಿ. ನಿಮಗೆ ಅಡಚಣೆ ಮಾಡ್ತಿದ್ದೀನಿ ಅಂತ. ಈ ‘ಜಮಾ’ ಬೌದ್ಧರ ಕಡೆಯಿಂದ ಬಂದ ಮಾತು. ಸಾಧಕರಿಗೆ ಅಡ್ಡಬರುವ ದುಷ್ಟಶಕ್ತಿ. ಅದರ ಕೊನೆಯ ‘ಮಾ’ ನಮಗೂ ಪರಿಚಯದವನೇ. ಬುದ್ಧನ ತಪಸ್ಸು ಕೆಡಿಸಲು ಹೋದ ಮಾರ ಚೀನಾ ದಾಟುವಷ್ಟರಲ್ಲಿ ಒಂದೇ ಅಕ್ಷರಕ್ಕೆ ಇಳಿದಿದ್ದ. ಈಗ ಪಾಪ, ನೆಂಟರ ಸಂಕೋಚ ಹೊತ್ತು ಬಾಗಿಲಲ್ಲಿ ನಿಂತಿದ್ದಾನೆ.

ಹೋಂಸ್ಟೇಗೆ ಬಂದ ವಿದೇಶಿ ವಿದ್ಯಾರ್ಥಿಯೂ ಮೊದಲ ದಿನ ಇದನ್ನೇ ಹೇಳುತ್ತಾನೆ. ಗೆಂಕಾನ್ ಎಂಬ ತಗ್ಗಿನ ಜಾಗದಲ್ಲಿ ಬೂಟು ಬಿಚ್ಚಿ, ಮೂತಿಯನ್ನು ಬಾಗಿಲ ಕಡೆ ತಿರುಗಿಸಿಟ್ಟು, ಮೇಲೆ ಹತ್ತಿ ಮನೆಚಪ್ಪಲಿ ಮೆಟ್ಟುತ್ತಾನೆ. ತತಾಮಿ ಚಾಪೆಯ ಕೋಣೆಗೆ ಅದೂ ಸಲ್ಲದು. ಶೌಚಾಲಯಕ್ಕೆ ಬೇರೆಯದೇ ಜೋಡಿ. ಸ್ನಾನದ ತೊಟ್ಟಿಯ ಬಿಸಿನೀರು ಮನೆಮಂದಿಗೆಲ್ಲ ಒಂದೇ, ಹಾಗಾಗಿ ಹೊರಗೇ ಮೈ ತೊಳೆದು ಇಳಿಯಬೇಕು. ಅತಿಥಿಗೆ ಮೊದಲ ಸರದಿ. ಮರ್ಯಾದೆಯೇನೋ ಹೌದು, ಆದರೆ ಮೊದಲ ಸರದಿ ಸಿಗುತ್ತಿರುವಷ್ಟು ದಿನವೂ ನೀವು ನೆಂಟರೇ.

ಮನೆಯವರು ಒಳಬರುತ್ತ ಅನ್ನುವುದು ‘ತದಾಯಿಮಾ’. ಅರ್ಥ ‘ಈಗ ತಾನೇ’, ಅಷ್ಟೇ. ಮುಂದಿನ ‘ವಾಪಸು ಬಂದೆ’ ಬಳಕೆಯಲ್ಲಿ ಉದುರಿಹೋಗಿದೆ. ರೈಲು ನಿಲ್ದಾಣದ ಪ್ರಕಟಣೆಯಲ್ಲೂ ಇದೇ ಪದ, ಅಲ್ಲಿ ಬರೀ ‘ಸದ್ಯ’. ಮನೆಯಲ್ಲಾದರೆ ಒಳಗಿನಿಂದ ‘ಒಕಾಯೆರಿ’ ಎಂದು ಉತ್ತರ ಬರುತ್ತದೆ.

ಹೊರಡುವಾಗಿನ ‘ಇತ್ತೆ ಕಿಮಾಸು’ ಕನ್ನಡಿಗರಿಗೆ ಸಲೀಸು, ಅದು ಥೇಟು ನಮ್ಮ ‘ಹೋಗಿ ಬರ್ತೀನಿ’. ತೊಡಕು ಬರುವಾಗಿನದು. ನಮ್ಮಲ್ಲಿ ಬಂದವರು ಇಂಥದ್ದೇ ಅನ್ನಬೇಕೆಂದಿಲ್ಲ, ಒಳಗಿದ್ದವರೇ ‘ಬಂದ್ಯಾ? ಕೈಕಾಲು ತೊಳ್ಕೊ’ ಅನ್ನುತ್ತಾರೆ. ಬಾಯಿಪಾಠವಾದ ಪದವೇ ಆದರೂ, ಯಾರದೋ ಮನೆಯ ಬಾಗಿಲಲ್ಲಿ ನಿಂತು ‘ತದಾಯಿಮಾ’ ಅಂತ ಕೂಗುವುದಕ್ಕೆ ನಾಲಿಗೆ ಏಳುವುದಿಲ್ಲ. ಪಿಸುಗುಟ್ಟಿದರೆ ಒಳಗೆ ಕೇಳಿಸದು, ಜೋರಾಗಿ ಅಂದರೆ ಅಧಿಕಾರ ಚಲಾಯಿಸಿದ ಹಾಗೆ. ಒಂದು ಸಂಜೆ ಮಳೆಯಲ್ಲಿ ತೋಯ್ದು ಓಡಿಬರುವ ಗಡಿಬಿಡಿಯಲ್ಲಿ ಅದು ತಾನಾಗಿ ಹೊರಬಿದ್ದಿರುತ್ತದೆ. ಒಜಮಾ ಆಮೇಲೆ ನೆನಪೇ ಆಗುವುದಿಲ್ಲ.

ಟೋಕಿಯೋದ ಅಕಿಹಬಾರದಲ್ಲಿ ಮೇಡ್ ಕೆಫೆಗಳಿವೆ. ಅಲ್ಲಿ ಮೊದಲ ಸಲ ಬಂದ ಗಿರಾಕಿಯನ್ನೂ ‘ಒಕಾಯೆರಿ’ಯ ಅತಿವಿನಯದ ರೂಪದಲ್ಲೇ ಬರಮಾಡಿಕೊಳ್ಳುತ್ತಾರೆ, ಯಜಮಾನ ಮನೆಗೆ ಮರಳಿದ ಎಂಬಂತೆ. ಬಿಲ್ಲು ಆಮೇಲೆ.

ವರ್ಷಗಳ ಮೇಲೆ ಆ ಹಳೆಯ ಮನೆಗೆ ಹೋದವರಿಗೆ ಮತ್ತೆ ಪೇಚು. ಈಗ ನೆಂಟರೋ, ಮನೆಯವರೋ? ಆ ಮನೆಯಮ್ಮ ಮುಂದಾಗಿ ‘ಒಕಾಯೆರಿ’ ಅಂದುಬಿಟ್ಟರೆ ಬಚಾವ್, ಅದಕ್ಕೆ ಹೇಳುವ ಜವಾಬು ಒಂದೇ.