ಹಾಕಿಸಿದ ಕಾಂಕ್ರೀಟ್ ಬಿರುಕು ಬಿಟ್ಟರೆ ಕಂಟ್ರಾಕ್ಟರ್ ಹೊಣೆಯೇ? ದೂರು ಎಲ್ಲಿ, ಹೇಗೆ? ಇಲ್ಲಿದೆ ಪೂರ್ಣ ಮಾಹಿತಿ

ಮನೆ ಮುಂದೆ ಗಾಡಿ ನಿಲ್ಲಿಸಲು ಹಾಕಿಸಿದ ಕಾಂಕ್ರೀಟ್ ಕೆಲವೇ ತಿಂಗಳಲ್ಲಿ ಬಿರುಕು ಬಿಟ್ಟಿದೆ. ಮಳೆ ನೀರು ಚರಂಡಿಗೆ ಹೋಗುವ ಬದಲು ಬಾಗಿಲಿಗೇ ಬರುತ್ತಿದೆ. ಕಂಟ್ರಾಕ್ಟರ್ ಫೋನ್ ಎತ್ತುತ್ತಿಲ್ಲ. ಇಂಥ ಸ್ಥಿತಿಯಲ್ಲಿ ಅನೇಕರು ಜಗಳವಾಡಿ ಸುಮ್ಮನಾಗುತ್ತಾರೆ. ಆದರೆ ಮನೆ ಕಟ್ಟಡದ ಕೆಲಸವನ್ನು ಗ್ರಾಹಕ ಕಾನೂನು 'ಸೇವೆ' ಎಂದೇ ಪರಿಗಣಿಸುತ್ತದೆ.

ಮನೆಯೋ, ವ್ಯಾಪಾರವೋ?

ವಾರಾಣಸಿಯ ಗೋದೌಲಿಯಾ ಕಾಶಿಗೆ ಹೋದ ಕನ್ನಡಿಗರಿಗೆ ಪರಿಚಿತ ಜಾಗ. ದಶಾಶ್ವಮೇಧ ಘಾಟ್‌ಗೆ ಹೋಗುವ ದಾರಿ ಇದೇ, ಜಂಗಮವಾಡಿ ಮಠವೂ ಹತ್ತಿರದಲ್ಲೇ ಇದೆ. ಇಲ್ಲಿನ ಕಿರಿದಾದ ಗಲ್ಲಿಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ ಅಥವಾ ಲಾಡ್ಜ್ ಇರುವುದು ಸಾಮಾನ್ಯ. ಕಾನೂನಿನ ಮೊದಲ ಪ್ರಶ್ನೆ ಹುಟ್ಟುವುದು ಇಲ್ಲೇ.

ವಾಸದ ಮನೆಗಾಗಿ ಮಾಡಿಸಿದ ಕೆಲಸವಾದರೆ ಗ್ರಾಹಕ ಆಯೋಗಕ್ಕೆ ಹೋಗಬಹುದು. ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆಗೆ ಆ ಅವಕಾಶವಿಲ್ಲ. ಹಾಗಾಗಿ ಲಾಡ್ಜ್ ನೆಲದ ಕಾಂಕ್ರೀಟ್ ತಕರಾರು ಸಾಮಾನ್ಯವಾಗಿ ಸಿವಿಲ್ ಕೋರ್ಟಿಗೇ ಹೋಗಬೇಕಾಗುತ್ತದೆ.

ಕಾನೂನು ಏನು ಹೇಳುತ್ತದೆ?

ಲಕ್ನೋ ಅಭಿವೃದ್ಧಿ ಪ್ರಾಧಿಕಾರ ಮತ್ತು ಎಂ.ಕೆ. ಗುಪ್ತಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲಿ ಮನೆ ನಿರ್ಮಾಣ ಸೇವೆಯ ವ್ಯಾಪ್ತಿಗೆ ಬರುತ್ತದೆ ಎಂದು ಸ್ಪಷ್ಟಪಡಿಸಿತು. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಕೂಡ 'ಸೇವೆ'ಯ ವ್ಯಾಖ್ಯಾನದಲ್ಲಿ ಮನೆ ನಿರ್ಮಾಣವನ್ನು ಹೆಸರಿಸಿದೆ. ಕಳಪೆ ಕೆಲಸ, ಅರ್ಧಕ್ಕೆ ಬಿಟ್ಟ ಕೆಲಸ ಎರಡೂ ಸೇವಾ ನ್ಯೂನತೆ ಆಗಬಹುದು.

ಎಲ್ಲ ಬಿರುಕೂ ಕಂಟ್ರಾಕ್ಟರ್ ತಪ್ಪೇ?

ಅಲ್ಲ. ಕಾಂಕ್ರೀಟ್ ಒಣಗುವಾಗ ಕುಗ್ಗುತ್ತದೆ, ಕೂದಲೆಳೆಯಂಥ ಬಿರುಕು ಬರುವುದುಂಟು. ಬಿರುಕು ಅಗಲವಾಗುತ್ತಾ ಹೋದರೆ, ನೆಲ ಕುಸಿದರೆ, ಮೇಲ್ಪದರ ಪುಡಿಪುಡಿಯಾಗಿ ಎದ್ದರೆ ಅನುಮಾನ ಪಡಬೇಕು. ಕೆಳಗಿನ ಮಣ್ಣನ್ನು ಸರಿಯಾಗಿ ದಮ್ಮಸ್ಸು ಮಾಡದಿರುವುದು, ಕಲಸುವಾಗ ನೀರು ಹೆಚ್ಚು ಸುರಿಯುವುದು, ಕ್ಯೂರಿಂಗ್ ತಪ್ಪಿಸುವುದು ಇದಕ್ಕೆ ಸಾಮಾನ್ಯ ಕಾರಣಗಳು.

ಭಾರತೀಯ ಮಾನಕ ಐಎಸ್ 456ರ ಪ್ರಕಾರ ಸಾಮಾನ್ಯ ಒಪಿಸಿ ಸಿಮೆಂಟ್ ಬಳಸಿದರೆ ಕನಿಷ್ಠ 7 ದಿನ ಕ್ಯೂರಿಂಗ್ ಬೇಕು. ಒಣ ಹವೆ, ಬಿಸಿಲು ಹೆಚ್ಚಿದ್ದರೆ 10 ದಿನ. ಪಿಪಿಸಿಯಂಥ ಮಿಶ್ರ ಸಿಮೆಂಟ್ ಆದರೆ ಬಿಸಿಲಿನಲ್ಲಿ 14 ದಿನ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ವಾರಾಣಸಿಗೂ, ನಮ್ಮ ಕಲಬುರಗಿ, ರಾಯಚೂರಿಗೂ ಇದು ಮುಖ್ಯ.

'ನೀವೇ ನೀರು ಹಾಯಿಸಲಿಲ್ಲ', 'ಸಿಮೆಂಟ್, ಮರಳು ತಂದುಕೊಟ್ಟಿದ್ದು ನೀವೇ', 'ಕಾಂಕ್ರೀಟ್ ಗಟ್ಟಿಯಾಗುವ ಮೊದಲೇ ಕಾರು ಹತ್ತಿಸಿದಿರಿ' ಎಂಬುವು ಕಂಟ್ರಾಕ್ಟರ್ ಕಡೆಯಿಂದ ಬರುವ ವಾದಗಳು. ಲೇಬರ್ ಕಾಂಟ್ರಾಕ್ಟ್ ಆಗಿದ್ದರೆ ಈ ವಾದಕ್ಕೆ ಬಲ ಹೆಚ್ಚು. ಆದ್ದರಿಂದ ಸಾಮಗ್ರಿ ಯಾರದು, ನೀರು ಹಾಯಿಸುವ ಜವಾಬ್ದಾರಿ ಯಾರದು ಎಂಬುದನ್ನು ಮೊದಲೇ ಬರೆದಿಡಬೇಕು.

ಸಾಬೀತು ಮಾಡುವುದು ಹೇಗೆ?

ಎಂ20 ಕಾಂಕ್ರೀಟ್ ಎಂದರೆ 28 ದಿನಕ್ಕೆ ಪ್ರತಿ ಚದರ ಮಿಲಿಮೀಟರ್‌ಗೆ 20 ನ್ಯೂಟನ್ ಬಲ ತಡೆಯುವಂಥದ್ದು. ಕೆಲಸ ನಡೆಯುವಾಗಲೇ 150 ಮಿ.ಮೀ. ಕ್ಯೂಬ್ ಎರಕ ಹೊಯ್ದು ಲ್ಯಾಬ್‌ನಲ್ಲಿ ಪರೀಕ್ಷಿಸಬಹುದು. ಕೆಲಸ ಮುಗಿದ ಮೇಲಾದರೆ ಕೋರ್ ಕೊರೆದು ತೆಗೆದು ಪರೀಕ್ಷಿಸಬೇಕು. ಕನಿಷ್ಠ 3 ಕೋರ್‌ಗಳ ಸರಾಸರಿ ಬಲ ನಿಗದಿತ ಕ್ಯೂಬ್ ಬಲದ ಶೇ. 85 ಇರಬೇಕು, ಯಾವುದೇ ಒಂದು ಕೋರ್ ಶೇ. 75ಕ್ಕಿಂತ ಕೆಳಗಿರಬಾರದು.

ಇದರ ಜತೆಗೆ ಇವು ಕೈಯಲ್ಲಿರಲಿ:

* ಕೋಟೇಷನ್, ಒಪ್ಪಂದ ಪತ್ರ
* ಬ್ಯಾಂಕ್ ಅಥವಾ ಯುಪಿಐ ಪಾವತಿ ದಾಖಲೆ
* ವಾಟ್ಸಾಪ್ ಸಂದೇಶಗಳು (ಅಳಿಸಬೇಡಿ)
* ದಿನಾಂಕ ಸಹಿತ ಫೋಟೊ, ವಿಡಿಯೊ
* ಸಿವಿಲ್ ಎಂಜಿನಿಯರ್ ವರದಿ

ಬಾಯಿಮಾತಿನ ಒಪ್ಪಂದಕ್ಕೂ ಕಾನೂನಿನಲ್ಲಿ ಬೆಲೆಯಿದೆ. ಆದರೆ ಅದನ್ನು ಸಾಬೀತು ಮಾಡುವುದು ಕಷ್ಟ. ಒಡೆದು ಮತ್ತೊಬ್ಬರಿಂದ ಮಾಡಿಸುವ ಮೊದಲು ತಪಾಸಣೆ ಮುಗಿಸಿಕೊಳ್ಳಿ. ಒಡೆದ ಮೇಲೆ ಸಾಕ್ಷ್ಯ ಉಳಿಯುವುದಿಲ್ಲ.

ದೂರು ಎಲ್ಲಿ?

ಮೊದಲು ದೋಷಗಳನ್ನು ಪಟ್ಟಿ ಮಾಡಿ, ಸರಿಪಡಿಸಲು ಗಡುವು ಕೊಟ್ಟು ನೋಟಿಸ್ ಕಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ. ಪಾವತಿಸಿದ ಮೊತ್ತ 50 ಲಕ್ಷ ರೂ. ಒಳಗಿದ್ದರೆ ಇಲ್ಲಿಯೇ ವಿಚಾರಣೆ. 5 ಲಕ್ಷ ರೂ. ವರೆಗೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಆನ್‌ಲೈನ್‌ನಲ್ಲೂ ದೂರು ಸಲ್ಲಿಸಬಹುದು.

ದೂರುದಾರರು ವಾಸವಿರುವ ಅಥವಾ ಕೆಲಸ ಮಾಡುವ ಊರಿನ ಆಯೋಗಕ್ಕೂ ಹೋಗಬಹುದು. ಕಾಶಿಯಲ್ಲಿ ಮನೆ ರಿಪೇರಿ ಮಾಡಿಸಿದ ಬೆಂಗಳೂರಿನವರು ಬೆಂಗಳೂರಿನಲ್ಲೇ ದೂರು ಕೊಡಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷ ಕಾಲಾವಕಾಶ. ಆಯೋಗದ ಆದೇಶ ಒಪ್ಪಿಗೆಯಾಗದಿದ್ದರೆ 45 ದಿನದೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬೇಕು.

ಪೊಲೀಸ್ ಠಾಣೆಗೆ ಹೋದರೆ 'ಇದು ಸಿವಿಲ್ ವಿಷಯ' ಎಂಬ ಉತ್ತರ ಸಿಗಬಹುದು. ವಂಚನೆ ಪ್ರಕರಣ ನಿಲ್ಲಬೇಕಾದರೆ ಮೊದಲಿನಿಂದಲೇ ಮೋಸದ ಉದ್ದೇಶ ಇತ್ತು ಎಂದು ತೋರಿಸಬೇಕು.

ಕಂಟ್ರಾಕ್ಟರ್‌ಗೂ ಹಕ್ಕಿದೆ

ಕೆಲಸ ಸರಿಯಾಗಿದ್ದರೂ ಮಾಲೀಕರು ಬಾಕಿ ಕೊಡದಿದ್ದರೆ ಕಂಟ್ರಾಕ್ಟರ್ 3 ವರ್ಷದೊಳಗೆ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬಹುದು. ಹಾಗಾಗಿ ಹಣ ತಡೆಹಿಡಿಯುವಾಗ ಕಾರಣವನ್ನು ಬರಹದಲ್ಲೇ ತಿಳಿಸಿ.

ಕೆಲಸದ ಹಂತಕ್ಕೆ ತಕ್ಕಂತೆ ಮಾತ್ರ ಹಣ ಕೊಡಿ. ಕೊನೆಯ ಕಂತನ್ನು ಕ್ಯೂರಿಂಗ್ ಮುಗಿದು, ಇಳಿಜಾರಿನ ಮೇಲೆ ಒಂದು ಬಕೆಟ್ ನೀರು ಸುರಿದು ಅದು ಚರಂಡಿಯತ್ತ ಹರಿಯುವುದನ್ನು ನೋಡಿದ ಮೇಲೆಯೇ ಕೊಡುವುದಾಗಿ ಒಪ್ಪಂದದಲ್ಲೇ ಬರೆಸಿಕೊಳ್ಳಿ.