ಬೇಲೂರಿನ ಕಲ್ಲಲ್ಲಿ ಉಳಿದ ಸಹಿ, ಸೈಟಲ್ಲಿ ಅಳಿದ ಹೆಸರು

ಇವತ್ತಿನ ಎಪಿಸೋಡ್ ಹೊಯ್ಸಳರ ಶಿಲ್ಪಿಗಳ ಬಗ್ಗೆ. ಆದ್ರೆ ಶುರು ಮಾಡೋದು ಅರಸೀಕೆರೆಯ ನಮ್ಮ ಮನೆ ಪಡಸಾಲೆಯಿಂದ.

ಕೆಲವು ವರ್ಷದ ಹಿಂದಿನ ಮಾತು. ಬಿ.ಕಾಂ. ಮುಗಿಸಿದ್ದೆ. ಆನ್‌ಲೈನ್‌ನಲ್ಲಿ ಕೆಲಸಕ್ಕೆ ಬಿಡ್ ಹಾಕೋ ಒಂದು ಸೈಟಲ್ಲಿ ಆಡಿಯೋ ಎಡಿಟಿಂಗ್ ಕೆಲಸ ಹುಡುಕ್ತಿದ್ದೆ. ರಾತ್ರಿ ಹನ್ನೊಂದು ಗಂಟೆ. ಯಾರದೋ ಇಂಟರ್‌ವ್ಯೂ, ಹನ್ನೆರಡು ಕಂತು, ಎಡಿಟ್ ಮಾಡಿಕೊಡಬೇಕು. ನಾನು ನೋಡೋ ಹೊತ್ತಿಗೆ ನಲವತ್ತಕ್ಕೂ ಹೆಚ್ಚು ಜನ ಬಿಡ್ ಹಾಕಿ ಆಗಿತ್ತು. ನಾನೂ ಹಾಕೋಣ ಅಂದ್ರೆ ಬಿಡ್ ಹಾಕೋಕೆ ಬೇಕಾದ ಪಾಯಿಂಟ್ ಖಾಲಿ. ಕಾರ್ಡ್ ತೆಗೆದು ಪಾಯಿಂಟ್ ಕೊಂಡ್ಕೊಂಡೆ.

ಪಕ್ಕದಲ್ಲಿ ಕೂತು ಟಿವಿ ನೋಡ್ತಿದ್ದ ಅಪ್ಪ ಕೇಳಿದ್ರು, “ಏನೋ ಅದು, ಯಾರಿಗೆ ದುಡ್ಡು ಕಳಿಸ್ದೆ?” ಹೇಳಿದೆ. ಅವರಿಗೆ ಅರ್ಥ ಆಗ್ಲಿಲ್ಲ. ಇನ್ನೊಂದ್ಸಲ ಬಿಡಿಸಿ ಹೇಳಿದೆ. ಆಗ ಅವರು ಅಂದ ಮಾತು ನಂಗೆ ಇವತ್ತಿಗೂ ನೆನಪಿದೆ. “ಅಲ್ವೋ ಮಗ, ಕೂಲಿ ಮಾಡೋನೇ ಕೂಲಿ ಕೇಳಕ್ಕೆ ದುಡ್ಡು ಕೊಡ್ಬೇಕಾ?”

ಅಪ್ಪ ಕೊಬ್ಬರಿ ಬೆಳೆಗಾರರು. ತೆಂಗಿನಕಾಯಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿ ಆದ್ಮೇಲೆ ಸುಲಿದು, ಮೂಟೆ ಕಟ್ಟಿ, ಮಾರುಕಟ್ಟೆಗೆ ಹಾಕೋರು. ಬಿಡ್ ಅಂದ್ರೆ ಏನು ಅಂತ ನನಗಿಂತ ಚೆನ್ನಾಗಿ ಗೊತ್ತಿರೋರು. ಅವರ ಪ್ರಶ್ನೆಗೆ ಆವತ್ತು ನನ್ನ ಹತ್ರ ಉತ್ತರ ಇರ್ಲಿಲ್ಲ.

ಮುಂದೆ ಆದದ್ದನ್ನ ಚಿಕ್ಕದಾಗಿ ಹೇಳ್ತೀನಿ. ಆ ಸೈಟಲ್ಲಿ ಮೂರು ವರ್ಷ ದುಡಿದೆ. ಮೊದಮೊದಲು ನನಗಿಂತ ಹಳೇ ಪ್ರೊಫೈಲ್ ಇದ್ದ ಒಬ್ಬರು ಕೆಲಸ ಗೆದ್ದು ನನ್ನ ಕೈಲಿ ಮಾಡಿಸೋರು. ಹೆಸರು ಅವರದು, ರೇಟಿಂಗ್ ಅವರದು, ಬಂದ ದುಡ್ಡಲ್ಲಿ ಕಾಲು ಭಾಗ ನನ್ನದು. ಆಮೇಲೆ ನನ್ನದೇ ಪ್ರೊಫೈಲ್ ನಿಧಾನಕ್ಕೆ ಮೇಲೆ ಬಂತು. ನಾಲ್ಕು ಪಾಯಿಂಟ್ ಒಂಬತ್ತು ಸ್ಟಾರ್. ಒಂದು ಬೆಳಗ್ಗೆ ಮೇಲ್ ಬಂತು: ನಿಯಮ ಉಲ್ಲಂಘನೆ, ಖಾತೆ ಬಂದ್. ಯಾವ ನಿಯಮ ಅಂತ ಕೇಳಿದ್ದಕ್ಕೆ ಅದೇ ಮೇಲ್ ಇನ್ನೊಂದ್ಸಲ ಬಂತು. ಬಾಕಿ ದುಡ್ಡು ಎರಡು ತಿಂಗಳಿಗೆ ಬಂತು ಅನ್ನಿ. ಆದ್ರೆ ಮೂರು ವರ್ಷ ಗಿರಾಕಿಗಳು ನನ್ನ ಬಗ್ಗೆ ಬರೆದಿದ್ದ ಮಾತೆಲ್ಲ ಹೋಯ್ತು. ಬೇರೆ ಸೈಟಿಗೆ ಹೋದ್ರೆ ನಾನು ಮತ್ತೆ ಸೊನ್ನೆ.

ಆ ವಾರ ಮನೇಲಿ ಕೂರಕ್ಕಾಗ್ದೆ ಫ್ರೆಂಡ್ ಬೈಕಲ್ಲಿ ಬಾಣಾವರ, ಜಾವಗಲ್ ದಾಟಿ ಹಳೇಬೀಡಿಗೆ ಹೋದೆ, ಅಲ್ಲಿಂದ ಬೇಲೂರಿಗೆ. ನಮ್ಮೂರ ಕಡೆಯವರಿಗೆ ಇದು ಶಾಲೆ ಟ್ರಿಪ್ಪಿನ ಜಾಗ. ಎಷ್ಟು ಸಲ ಹೋಗಿದ್ರೂ ನಾನು ನೋಡಿದ್ದು ದರ್ಪಣ ಸುಂದರಿಯ ಮುಖ, ಮದನಿಕೆಯ ತಿರುಗೋ ಬಳೆ, ಅಷ್ಟೇ. ಆವತ್ತು ಮೊದಲ ಸಲ ನನ್ನ ಕಣ್ಣು ಶಿಲ್ಪದ ಕಾಲ ಕೆಳಗಿನ ಪೀಠಕ್ಕೆ ಹೋಯ್ತು. ಅಲ್ಲಿ ಹಳೆಗನ್ನಡದಲ್ಲಿ ಸಣ್ಣ ಅಕ್ಷರ. ಅದು ದೇವರ ಹೆಸರಲ್ಲ, ರಾಜನ ಹೆಸರೂ ಅಲ್ಲ. ಕೆತ್ತಿದವನ ಹೆಸರು.

ಚೆನ್ನಕೇಶವ ದೇವಸ್ಥಾನ ಪ್ರತಿಷ್ಠೆ ಆದದ್ದು 1117ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ. ಅಲ್ಲಿಗೆ ಕೆಲಸಕ್ಕೆ ಬಂದ ಶಿಲ್ಪಿಗಳಲ್ಲಿ ಎಷ್ಟೋ ಜನ ಆ ಊರಿನವರೇ ಅಲ್ಲ. ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವಿಯಿಂದ ಬಂದವರು. ಈಗಿನ ಶಿವಮೊಗ್ಗ ಜಿಲ್ಲೆ ಶಿಕಾರಿಪುರ ತಾಲೂಕಿನ ಊರು ಅದು. ಇವತ್ತು ಬಸ್ಸಲ್ಲಿ ಹೊರಟ್ರೂ ಅರ್ಧ ದಿನದ ದಾರಿ. ನಾಗೋಜ ಗದಗಿನವನು. ಮದನಿಕೆಗಳಲ್ಲಿ ಐದು ಚಾವಣನದು, ನಾಲ್ಕು ದಾಸೋಜನದು ಅಂತ ಆ ಸಹಿಗಳಿಂದಲೇ ವಿದ್ವಾಂಸರು ಗುರುತಿಸಿದ್ದಾರೆ. ಹೆಸರಿನ ಕೊನೆಯಲ್ಲಿ ಬರೋ ಈ “ಓಜ” ಅಂದ್ರೆ ಗುರು. ಉಪಾಧ್ಯಾಯ ಅನ್ನೋ ಪದ ಜನರ ಬಾಯಲ್ಲಿ ಸವೆದು ಓಜ ಆಗಿರೋದು. ಮೂರ್ತಿ ಕೆತ್ತೋನಿಗೆ ಆಗಿನ ಹೆಸರು ರೂವಾರಿ. ಇವತ್ತು ನಾವು “ಈ ಯೋಜನೆಯ ರೂವಾರಿ” ಅಂತೀವಲ್ಲ, ಅದೇ ಪದ.

ಸಹಿ ಅಂದ್ರೆ ಬರೀ ಹೆಸರಲ್ಲ. ಎಷ್ಟೋ ಕಡೆ ಯಾವ ಊರು, ಯಾರ ಮಗ ಅಂತಾನೂ ಇದೆ. ಕೆಲವರು ಬಿರುದನ್ನೂ ಸೇರಿಸಿದ್ದಾರೆ. ಆ ಬಿರುದುಗಳು ಮಜವಾಗಿವೆ. ಎದುರಾಳಿ ರೂವಾರಿಗಳು ಬೆಟ್ಟವಾದ್ರೆ ನಾನು ಸಿಡಿಲು, ಅವರು ಮನ್ಮಥರಾದ್ರೆ ನಾನು ಅವರನ್ನ ಸುಡೋ ಮಹೇಶ್ವರ, ಈ ಅರ್ಥದವು. ದೇವಸ್ಥಾನದ ಕಲ್ಲಿನ ಮೇಲೇ ಇನ್ನೊಬ್ಬ ಶಿಲ್ಪಿಗೆ ಹಾಕಿದ ಸವಾಲು!

ಇದನ್ನ ಓದಿದಾಗ ನಂಗೆ ನಗು ಬಂತು. ಹೆಸರು, ಊರು, ಗುರುಪರಂಪರೆ, ಹೊಗಳಿಕೆ. ಇದು ಪ್ರೊಫೈಲ್ ಅಲ್ದೆ ಇನ್ನೇನು? ಒಂದು ಕೆಲಸ ಮುಗಿಸಿ ಮುಂದಿನ ಕೆಲಸಕ್ಕೆ ಊರಿಂದ ಊರಿಗೆ ಹೋಗೋರು ಇವರು. ದೇವಸ್ಥಾನ ಕಟ್ಟಿಸೋರು ಬರೀ ರಾಜರಾಗಿರಲಿಲ್ಲ. ಹಳೇಬೀಡಿನ ಹೊಯ್ಸಳೇಶ್ವರವನ್ನ ಕಟ್ಟಿಸಿದ್ದು ಕೇತಮಲ್ಲ ಅನ್ನೋ ಅಧಿಕಾರಿ, 1121ರ ಹೊತ್ತಿಗೆ. ದಂಡನಾಯಕರು, ವ್ಯಾಪಾರಿಗಳು ಎಲ್ಲರೂ ಕಟ್ಟಿಸ್ತಿದ್ರು. ಅಂದ್ರೆ ಗಿರಾಕಿ ಬಹಳ, ಕೆಲಸಗಾರರೂ ಬಹಳ, ನಡುವೆ ಜೋರು ಪೈಪೋಟಿ.

ನಮ್ಮ ಹಾಸನ ಜಿಲ್ಲೆಯ ನುಗ್ಗೇಹಳ್ಳಿಗೆ ಹೋದ್ರೆ ಆ ಪೈಪೋಟಿಯನ್ನ ಕಣ್ಣಲ್ಲೇ ನೋಡಬಹುದು. 1246ರ ಲಕ್ಷ್ಮೀನರಸಿಂಹ ದೇವಸ್ಥಾನ. ದಕ್ಷಿಣದ ಗೋಡೆಯಲ್ಲಿ ಬೈಚೋಜನ ಕೆಲಸ, ಉತ್ತರದ ಗೋಡೆಯಲ್ಲಿ ಮಲ್ಲಿತಮ್ಮನದು. ಒಂದೇ ಗುಡಿ, ಇಬ್ಬರ ಕೈ, ಇಬ್ಬರ ಹೆಸರು. ಯಾರ ಕೈ ಮೇಲು ಅಂತ ಪ್ರದಕ್ಷಿಣೆ ಹಾಕೋ ಯಾರು ಬೇಕಾದ್ರೂ ಹೇಳಬಹುದು.

ಅಲ್ಲಿಗೆ ನನಗೆ ಒಂದು ವಿಷಯ ಸ್ಪಷ್ಟ ಆಯ್ತು. ಫ್ರೀಲ್ಯಾನ್ಸಿಂಗ್ ಹೊಸದಲ್ಲ, ಪೈಪೋಟಿಯೂ ಹೊಸದಲ್ಲ. “ಕಾಂಪಿಟಿಷನ್ ತಡ್ಕೊಳಕ್ಕಾಗ್ದೆ ಅಳ್ತೀರ” ಅಂತ ನಮಗೆ ಹೇಳೋರಿಗೆ ದಾಸೋಜನ ಹೆಸರು ಹೇಳಿ. ಹೊಸದಾಗಿರೋದು ಬೇರೆ. ದಾಸೋಜನ ಸಹಿ ಅವನ ಕೆಲಸದ ಮೇಲೇ ಇತ್ತು. ಯಾರೂ ಒಂದು ಬೆಳಗ್ಗೆ ಅದನ್ನ ಬಂದ್ ಮಾಡೋ ಹಾಗಿರಲಿಲ್ಲ. ಒಂಬೈನೂರು ವರ್ಷ ಆಯ್ತು, 2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೂ ಸೇರಿದ್ವು, ಸಹಿ ಇನ್ನೂ ಅಲ್ಲೇ ಇದೆ. ನನ್ನ ಹೆಸರು ಇದ್ದದ್ದು ಇನ್ನೊಬ್ಬರ ಸರ್ವರ್‌ನಲ್ಲಿ. ಅದು ನನ್ನ ಸಹಿ ಅಂತ ನಾನು ಅಂದ್ಕೊಂಡಿದ್ದೆ. ಅದು ಬಾಡಿಗೆ ಮನೆ.

ಹಾಗಂತ ಹೊಯ್ಸಳರ ಕಾಲ ಸ್ವರ್ಗ ಅಂತ ಹೇಳ್ತಿಲ್ಲ. ಕಲ್ಲು ಒಡೆದವರು, ಹೊತ್ತವರು, ಉಜ್ಜಿದವರು, ಅಡುಗೆ ಮಾಡಿ ಹಾಕಿದವರು ಯಾರೂ ಸಹಿ ಹಾಕಿಲ್ಲ. ಸಹಿ ಇರೋದು ಕೆಲವೇ ಜನರದು. ಇನ್ನೊಂದು ವಿಚಿತ್ರ: ಸಹಿ ಇದ್ದವರನ್ನೂ ನಾವು ಮರೆತ್ವಿ. ಬೇಲೂರು ಅಂದ ತಕ್ಷಣ ನಮ್ಮ ಬಾಯಿಗೆ ಬರೋದು ಜಕಣಾಚಾರಿ. ಕಥೆ ಚೆನ್ನಾಗಿದೆ, ಕೈದಾಳ, ಡಂಕಣ, ಕಲ್ಲೊಳಗಿನ ಕಪ್ಪೆ ಎಲ್ಲ ನಮಗೆ ಗೊತ್ತು. ಆದ್ರೆ ಆ ಹೆಸರಿನ ಸಹಿ ಬೇಲೂರಿನ ಕಲ್ಲುಗಳಲ್ಲಿ ಸಿಕ್ಕಿಲ್ಲ. ಸಿಕ್ಕಿರೋದು ದಾಸೋಜ, ಚಾವಣ, ನಾಗೋಜ, ಮಲ್ಲೋಜ, ಚಿಕ್ಕಹಂಪ. 1919ರಲ್ಲಿ ಆರ್. ನರಸಿಂಹಾಚಾರ್ ಬೇಲೂರಿನ ಬಗ್ಗೆ ಪುಸ್ತಕ ತಂದ್ರು. ಆಮೇಲೆ ಷ. ಶೆಟ್ಟರ್ ಈ ಶಿಲ್ಪಿಗಳ ಹೆಜ್ಜೆಗುರುತನ್ನ ಬೆನ್ನು ಹತ್ತಿ ಹೋದ್ರು. ಇಂಥವರಿಂದ ಆ ಹೆಸರುಗಳು ನಮಗೆ ವಾಪಸ್ ಸಿಕ್ವು. ಸಹಿ ಇದ್ದದ್ದಕ್ಕೆ ವಾಪಸ್ ಸಿಗೋ ಅವಕಾಶ ಆದ್ರೂ ಇತ್ತು.

ಈಗ ಅಪ್ಪನ ಪ್ರಶ್ನೆಗೆ ಬರೋಣ. ಬಿಡ್ ಹಾಕೋನೇ ಯಾಕೆ ದುಡ್ಡು ಕೊಡಬೇಕು?

ಕೊಬ್ಬರಿ ಮಾರುಕಟ್ಟೆ ಹೇಗೆ ನಡೆಯುತ್ತೆ ಗೊತ್ತಾ? ರೈತ ತನ್ನ ಲಾಟ್ ಇಡ್ತಾನೆ, ವರ್ತಕರು ಬಿಡ್ ಹಾಕ್ತಾರೆ. 2014ರಿಂದ ರಾಜ್ಯದ ಮಾರುಕಟ್ಟೆಗಳನ್ನ ಒಂದೊಂದಾಗಿ ಏಕೀಕೃತ ಮಾರುಕಟ್ಟೆ ವೇದಿಕೆಗೆ ಸೇರಿಸಿದ್ರು, ಈಗ ಇದೂ ಆನ್‌ಲೈನ್ ಟೆಂಡರ್. ಒಬ್ಬ ಎಷ್ಟು ಬರೆದ ಅಂತ ಇನ್ನೊಬ್ಬನಿಗೆ ಕಾಣಲ್ಲ. ಹೊತ್ತಿಗೆ ಸರಿಯಾಗಿ ತೆರೆದಾಗ ಹೆಚ್ಚು ಬರೆದವನಿಗೆ ಮಾಲು. ಆ ದರ ಒಪ್ಪಿಗೆ ಇಲ್ಲ ಅಂದ್ರೆ ರೈತ ಕೊಡಲ್ಲ ಅಂತ ಮೂಟೆ ವಾಪಸ್ ತರಬಹುದು. ಮಾರುಕಟ್ಟೆ ಶುಲ್ಕ ಕಟ್ಟೋನು ಕೊಳ್ಳೋನು. 1966ರ ಎಪಿಎಂಸಿ ಕಾಯ್ದೆ ಪ್ರಕಾರ ದಲ್ಲಾಳಿ ಕಮಿಷನ್ ಕೂಡ ರೈತನ ಕೈಯಿಂದ ಕೀಳೋ ಹಾಗಿಲ್ಲ. ಕೀಳೋರು ಇದ್ದಾರೆ, ವರ್ತಕರು ಒಳಗೊಳಗೇ ಮಾತಾಡ್ಕೊಂಡು ದರ ಇಳಿಸ್ತಾರೆ ಅನ್ನೋ ದೂರೂ ಇದೆ. ಆದ್ರೆ ಅದು ತಪ್ಪು ಅಂತ ಹೇಳೋಕೆ ಒಂದು ಕಾನೂನಿದೆ, ಹೋಗಿ ಕೂಗಾಡೋಕೆ ಯಾರ್ಡಲ್ಲಿ ಒಂದು ಆಫೀಸಿದೆ.

ಕೆಲಸದ ಸೈಟಲ್ಲಿ ಇದೆಲ್ಲ ತಲೆಕೆಳಗು. ಕೊಳ್ಳೋನು ಒಬ್ಬ, ಮಾರೋರು ನೂರು ಜನ. ಬೆಲೆ ಏರಲ್ಲ, ಇಳಿಯುತ್ತೆ. ಕಾಮರ್ಸ್ ಪುಸ್ತಕದಲ್ಲಿ ಇದಕ್ಕೆ ರಿವರ್ಸ್ ಆಕ್ಷನ್ ಅಂತಾರೆ. ಕಂಪನಿಗಳು ಬೋಲ್ಟು, ಸಿಮೆಂಟು ಕೊಳ್ಳೋಕೆ ಬಳಸೋ ಪದ್ಧತಿ. ಇಲ್ಲಿ ಬೋಲ್ಟಿನ ಜಾಗದಲ್ಲಿ ನಾವು. ಬಿಡ್‌ಗೆ ನಾವೇ ದುಡ್ಡು ಕೊಡಬೇಕು, ಗೆದ್ರೆ ಕಮಿಷನ್ನೂ ನಮ್ಮ ಕೂಲಿಯಿಂದಲೇ. ಸೋತ ಬಿಡ್‌ಗಳಿಂದಲೂ ಆದಾಯ ಬರೋದಾದ್ರೆ, ಒಂದು ಕೆಲಸಕ್ಕೆ ಹತ್ತು ಜನ ಸಾಕು ಅಂತ ಸೈಟ್ ಯಾಕೆ ಹೇಳುತ್ತೆ?

ಇದು ಹೀಗೇ ಆಗಬೇಕಿತ್ತು ಅಂತೇನೂ ಇರಲಿಲ್ಲ. 1998ರಲ್ಲಿ ಥಾಮಸ್ ಮಲೋನ್ ಮತ್ತು ರಾಬರ್ಟ್ ಲಾಬಾಕರ್ ಅನ್ನೋ ಇಬ್ಬರು ಎಂಐಟಿ ಸಂಶೋಧಕರು ಇ-ಲ್ಯಾನ್ಸ್ ಆರ್ಥಿಕತೆ ಬರ್ತಿದೆ ಅಂತ ಲೇಖನ ಬರೆದ್ರು. ಆ ಪದದಿಂದಲೇ 1999ರಲ್ಲಿ ಈಲ್ಯಾನ್ಸ್ ಸೈಟ್ ಹುಟ್ಟಿತು. ಅದರ ಸ್ಥಾಪಕರಲ್ಲಿ ಒಬ್ಬರು ಬೀರುದ್ ಶೇಠ್, ಐಐಟಿ ಬಾಂಬೆಯಲ್ಲಿ ಓದಿದವರು. 2003ರಲ್ಲಿ ಓಡೆಸ್ಕ್ ಬಂತು, ಆಮೇಲೆ ಇವೆರಡೂ ಸೇರಿ 2015ರಲ್ಲಿ ಅಪ್‌ವರ್ಕ್ ಆದ್ವು. 2009ರಲ್ಲಿ ಫ್ರೀಲ್ಯಾನ್ಸರ್, 2010ರಲ್ಲಿ ಫೈವರ್. ಆದ್ರೆ ಅದೇ ಮಲೋನ್, ಲಾಬಾಕರ್ 1997ರಲ್ಲೇ ಇನ್ನೊಂದು ಪ್ರಬಂಧ ಬರೆದಿದ್ರು: ಇಂಥ ಬಿಡಿ ಕೆಲಸಗಾರರಿಗೆ ಹಳೇ ಕಾಲದ ಕುಶಲಕರ್ಮಿಗಳ ಸಂಘದಂಥದ್ದು, ಅಂದ್ರೆ ಶ್ರೇಣಿಯಂಥದ್ದು, ಬೇಕಾಗುತ್ತೆ ಅಂತ. ಕಷ್ಟಕಾಲಕ್ಕೆ ನೆರವು, ಕಲಿಕೆ, ಹೆಸರಿಗೆ ಒಂದು ನೆಲೆ ಕೊಡೋಕೆ. ಬೇಲೂರಿಗೆ ಅಪ್ಪನ ಜೊತೆ ಮಗ, ಗುರುವಿನ ಜೊತೆ ಶಿಷ್ಯ ಬಂದಿದ್ರಲ್ಲ, ಹಾಗೆ ಒಬ್ಬನೇ ಬೀಳದ ಹಾಗೆ ಹಿಡಿಯೋ ಏನೋ ಒಂದು. ಸೈಟ್ ಬಂತು. ಶ್ರೇಣಿ ಬರಲೇ ಇಲ್ಲ.

ಕಾನೂನು ಈಗೀಗ ಕಣ್ಣು ಬಿಡ್ತಿದೆ. 2025ರಲ್ಲಿ ಕರ್ನಾಟಕ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಕಾಯ್ದೆ ತಂತು. ಸರಿಯಾದ ಕಾರಣ ಬರೆದು ಕೊಡದೆ, 14 ದಿನದ ನೋಟಿಸ್ ಇಲ್ಲದೆ ಕೆಲಸದಿಂದ ತೆಗೆಯೋ ಹಾಗಿಲ್ಲ ಅಂತ ಅದರಲ್ಲಿದೆ. ಕಾಯ್ದೆ ಬಂದದ್ದು ಮುಖ್ಯವಾಗಿ ಡೆಲಿವರಿ ಹುಡುಗರು, ಕ್ಯಾಬ್ ಓಡಿಸೋರ ಹೋರಾಟದಿಂದ. ಎಲ್ಲೋ ಹೊರದೇಶದಲ್ಲಿರೋ ಸೈಟಿಗೆ ಅರಸೀಕೆರೆಯಿಂದ ಬಿಡ್ ಹಾಕೋ ನನ್ನಂಥವರಿಗೆ ಇದು ಎಷ್ಟು ದಕ್ಕುತ್ತೆ ಅನ್ನೋದನ್ನ ಕಾದು ನೋಡಬೇಕು. ಆದ್ರೂ ಆ 14 ದಿನ ಅನ್ನೋ ಸಾಲು ಓದಿದಾಗ ನಂಗೆ ಆ ಬೆಳಗಿನ ಮೇಲ್ ನೆನಪಾಯ್ತು. ಕಾರಣ ಕೇಳೋದು ಭಿಕ್ಷೆ ಅಲ್ಲ, ಹಕ್ಕು ಅಂತ ಯಾರೋ ಒಬ್ಬರು ಬರೆದಿಟ್ರಲ್ಲ.

ನಾನು ಈಗಲೂ ಬಿಡ್ ಹಾಕ್ತೀನಿ, ಸುಳ್ಳು ಹೇಳಲ್ಲ. ಬಾಡಿಗೆ ಕಟ್ಟಬೇಕಲ್ಲ. ಆದ್ರೆ ಎರಡು ಅಭ್ಯಾಸ ಮಾಡ್ಕೊಂಡಿದ್ದೀನಿ. ಗಿರಾಕಿ ಒಳ್ಳೇ ಮಾತು ಬರೆದ್ರೆ ಅವರನ್ನ ಕೇಳಿ ಅದನ್ನ ನನ್ನದೇ ಪೇಜಲ್ಲೂ ಹಾಕ್ಕೋತೀನಿ. ಮತ್ತೆ ಕೆಲಸ ಒಪ್ಕೊಳ್ಳೋಕೆ ಮುಂಚೆ ಒಂದು ಮಾತು ಕೇಳ್ತೀನಿ: ಕೊನೆಯಲ್ಲಿ ಎಡಿಟ್ ಮಾಡಿದವರ ಹೆಸರು ಹಾಕ್ತೀರಾ? ಹತ್ತರಲ್ಲಿ ಏಳು ಜನ ಇಲ್ಲ ಅಂತಾರೆ. ಮೂರು ಜನ ಹೂಂ ಅಂತಾರೆ.

ಮೊನ್ನೆ ಅಪ್ಪನನ್ನ ಬೇಲೂರಿಗೆ ಕರ್ಕೊಂಡು ಹೋಗಿದ್ದೆ. ಪೀಠದ ಮೇಲಿನ ಅಕ್ಷರ ತೋರಿಸಿದೆ. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ್ರು. ಆಮೇಲೆ ಕೇಳಿದ್ರು, “ಇದನ್ನ ಕೆತ್ಕೊಳ್ಳಕ್ಕೆ ಇವ್ರೇನೂ ದುಡ್ಡು ಕೊಟ್ಟಿರ್ಲಿಲ್ಲ ತಾನೆ?”

ಮುಂದಿನ ವಾರ ಸಿಗೋಣ. ಬೇಲೂರಿಗೆ ಹೋದಾಗ ಮದನಿಕೆಯ ಮುಖ ನೋಡಿ, ಆಮೇಲೆ ಒಂದ್ಸಲ ಕಾಲ ಕೆಳಗೂ ನೋಡಿ.