ಡಬ್ಬದ ಮೇಲಿನ ಚೌಕ

ಬ್ರಹ್ಮಾವರದಿಂದ ಬೈಂದೂರಿನವರೆಗೆ ನಮ್ಮ ಹೆಂಗಸರಿಗೆ ಖಾಲಿ ಡಬ್ಬ ಬಿಸಾಡಲು ಕೈ ಬರುವುದಿಲ್ಲ. ಗದ್ದೆಗೆ ಹೊಡೆಯುವ ಮದ್ದಿನದ್ದಾದರೂ ತೊಳೆದು ಉಪ್ಪಿಗೋ ನೀರಿಗೋ ಇಟ್ಟುಕೊಳ್ಳುವವರುಂಟು. ಆ ಡಬ್ಬದ ಮೇಲೆ ಗಾಳಿಪಟದಂತೆ ನಿಂತಿರುವ ಚೌಕವನ್ನು ನೋಡಿದ್ದೀರಲ್ಲ? ಅದರ ಹಿಂದೆ ಸಾವಿನ ಕಥೆಯಿದೆ.

1958ರಲ್ಲಿ ಕೇರಳಕ್ಕೆ ಹೊರಟ ಹಡಗೊಂದರಲ್ಲಿ ಗೋಧಿಹಿಟ್ಟಿನ ಮೂಟೆಗಳ ಜೊತೆಗೇ ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನೂ ತುಂಬಿದ್ದರು. ವಿಷ ಸೋರಿ ಹಿಟ್ಟಿಗಿಳಿಯಿತು. ಅದನ್ನು ತಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಕೀಟನಾಶಕ ಕಾಯ್ದೆ ಬಂದದ್ದು ಹತ್ತು ವರ್ಷದ ಮೇಲೆ, 1968ರಲ್ಲಿ; ನಿಯಮಗಳು 1971ರಲ್ಲಿ. ಚೌಕದ ಕೆಳಗಿನ ಅರ್ಧ ಕೆಂಪಾದರೆ ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಹಸಿರೆಂದರೆ ನಿರಪಾಯ ಎಂದುಕೊಳ್ಳಬೇಡಿ, ಅದೂ ವಿಷವೇ.

ಆದರೆ ಬೆಳ್ತಂಗಡಿಯ ಕೊಕ್ಕಡದ ಸುತ್ತ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗ ಓದಿಕೊಳ್ಳಲು ಡಬ್ಬ ಯಾವ ತಾಯಿಯ ಕೈಯಲ್ಲಿತ್ತು? ಬಾವಿಗೆ ಮುಚ್ಚಳವಿತ್ತೇ? ಸುಪ್ರೀಂ ಕೋರ್ಟು ಅದನ್ನು ತಡೆದದ್ದು 2011ರಲ್ಲಿ. ನಮ್ಮ ಉಡುಪಿ ಜಿಲ್ಲೆಯಲ್ಲೂ ಪೀಡಿತರಿದ್ದಾರೆ.

ಖಾಲಿ ಡಬ್ಬವನ್ನು ಒಡೆದು, ಮನೆಯಿಂದ ದೂರ ಹೂಳಬೇಕು ಎನ್ನುತ್ತದೆ ನಿಯಮ. ನಾನು ಹೀಗೆಂದರೆ ನೆರೆಮನೆಯಾಕೆ, "ಇಷ್ಟ್ ಗಟ್ಟಿ ಡಬ್ಬ ಒಡೂಕೆ ಮನ್ಸೇ ಬತ್ತಿಲ್ಲ, ಟೀಚರೇ" ಎನ್ನುತ್ತಾರೆ.